ನರಸಿಂಹರಾಜು ನೆನಪಿನ ಸಂಜೆ: ಮಕ್ಕಳು ಯಾಕೆ ನಗಲಿಲ್ಲ?

ತಾತನ ಅಚ್ಚುಮೆಚ್ಚಿನ ಹಾಸ್ಯನಟ ನರಸಿಂಹರಾಜು ಅವರ ಸಿನಿಮಾ ತುಣುಕುಗಳನ್ನು ತೋರಿಸಿದರೂ ಮಕ್ಕಳು ನಗಲಿಲ್ಲ ಅಂದಿರಲ್ಲ, ಬಹುಶಃ ತುಣುಕುಗಳೇ ಕಾರಣ. ಅವರ ಹಾಸ್ಯ ಒಂದೇ ಮಾತಲ್ಲಿ ಮುಗಿಯಲ್ಲ, ದೃಶ್ಯದುದ್ದಕ್ಕೂ ಏರುತ್ತಾ ಹೋಗುತ್ತದೆ. ಮೊದಲು 1965ರ ‘ಸತ್ಯ ಹರಿಶ್ಚಂದ್ರ’ ಹಾಕಿ. 2008ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ್ದು ಸಿಕ್ಕರೆ ಮಕ್ಕಳಿಗೆ ಇನ್ನೂ ಸುಲಭ. ಹರಿಶ್ಚಂದ್ರ ಸಾಲ ತೀರಿಸಬೇಕು, ವಸೂಲಿಗೆ ಬೆನ್ನು ಬಿದ್ದವನೇ ನಕ್ಷತ್ರಿಕ, ಅದೇ ನರಸಿಂಹರಾಜು ಪಾತ್ರ ಅಂತ ಮುಂಚೆಯೇ ಹೇಳಿಬಿಡಿ. ಆಮೇಲೆ ಮಧ್ಯೆ ನಿಲ್ಲಿಸಬೇಡಿ. ಆ ಸಣಕಲು ಮೈ, ಉಬ್ಬುಹಲ್ಲು, ಬಿಡದೆ ಪೀಡಿಸುವ ದನಿ, ಎದುರಿಗೆ ಗಂಭೀರವಾಗಿ ನಿಂತ ರಾಜ್‌ಕುಮಾರ್! ನನ್ನ ಮಗಳು ಬಿದ್ದು ಬಿದ್ದು ನಕ್ಕಿದ್ದು ಅಲ್ಲೇ. ಅದು ಹಿಡಿಸಿದರೆ 1954ರ ‘ಬೇಡರ ಕಣ್ಣಪ್ಪ’. ಹಳೆಯ ಧ್ವನಿ ಸ್ವಲ್ಪ ಮಸುಕು, ಫೋನ್ ಸಾಲಲ್ಲ, ಸ್ಪೀಕರ್ ಜೋಡಿಸಿ. ತಾತನನ್ನು ಮಕ್ಕಳ ಪಕ್ಕದಲ್ಲೇ ಕೂರಿಸಿ. ಅವರು ನಕ್ಕರೆ ಮಕ್ಕಳೂ ಜೊತೆಗೂಡಬಹುದು.