ಸೈಕಲ್ ಪ್ರಶ್ನೋತ್ತರ: ಮರುಭೂಮಿಯಲ್ಲಿ ಗುಂಪು ಸವಾರಿ

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು ಜನವರಿಯಲ್ಲಿ ಜೈಸಲ್ಮೇರ್ ಕಡೆ ಹತ್ತು ದಿನದ ತರಬೇತಿ ಶಿಬಿರಕ್ಕೆ ಹೊರಟಿದ್ದೇವೆ. ದಿನಕ್ಕೆ 100 ಕಿ.ಮೀ. ಗುಂಪಾಗಿ ಓಡಿಸಬೇಕು. ಇಲ್ಲಿ ಹುಬ್ಬಳ್ಳಿ ರಸ್ತೆಗೆ ಒಟ್ಟಿಗೇ ಹೊರಟರೂ ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಗುಂಪು ಹರಿದು ಹೋಗಿರುತ್ತದೆ. ಏನು ತಪ್ಪುತ್ತಿದೆ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಬಹಳ ಸಲ ಗುಂಪನ್ನು ಹರಿಯುವವನು ಮುಂದೆ ಇರುವವನೇ. ಗಾಳಿ ಸೀಳುತ್ತ ಸಾಲಿನ ಮುಂದೆ ಓಡಿಸುವ ತನ್ನ ಪಾಳಿ ಬಂದ ಕೂಡಲೇ ಹುರುಪಿನಿಂದ ವೇಗವನ್ನು ಗಂಟೆಗೆ 28 ಕಿ.ಮೀ.ಯಿಂದ 32ಕ್ಕೆ ಏರಿಸುತ್ತಾನೆ. ಅದೇ ಹೊತ್ತಿಗೆ ಪಾಳಿ ಮುಗಿಸಿ ಹಿಂದೆ ಸರಿದವನು ದಣಿದಿರುತ್ತಾನೆ. ಸಾಲಿನ ಬಾಲ ಅವನ ಕೈಗೆ ಸಿಗುವುದಿಲ್ಲ. ಮುಂದೆ ಬಂದವನು ವೇಗದ ಮೀಟರ್ ನೋಡಿ ಹಳೆಯ ವೇಗವನ್ನೇ ಕಾಯಬೇಕು. ಬಲ ಹೆಚ್ಚಿದ್ದವನು ವೇಗ ಏರಿಸುವ ಬದಲು ಪಾಳಿ ಉದ್ದ ಮಾಡಲಿ: ಉಳಿದವರು ಒಂದು ನಿಮಿಷ ಎಳೆದರೆ ಅವನು ಮೂರು ನಿಮಿಷ ಎಳೆಯಲಿ. ಎದುರುಗಾಳಿ ಜೋರಾಗಿದ್ದರೆ ಎಲ್ಲರಿಗೂ ಅರ್ಧ ನಿಮಿಷವೇ ಸಾಕು.

ಮುಂದಿನವನ ಗಾಲಿಗೂ ನಿಮ್ಮ ಗಾಲಿಗೂ ಮೊದಲ ಎರಡು ದಿನ ಒಂದು ಮೀಟರ್ ಅಂತರವಿರಲಿ. ಒಬ್ಬರ ಓಟ ಒಬ್ಬರಿಗೆ ಗೊತ್ತಾದ ಮೇಲೆ ಅರ್ಧ ಮೀಟರಿಗೆ ಇಳಿಸಿ. ಹೀಗೆ ಗಾಳಿಯ ಮರೆಯಲ್ಲಿ ಹೋಗುವವನಿಗೆ ಶ್ರಮ ಕಾಲು ಭಾಗಕ್ಕಿಂತ ಹೆಚ್ಚೇ ಉಳಿಯುತ್ತದೆ. ಆದರೆ ಗಾಲಿಯ ಪಕ್ಕಕ್ಕೆ ಗಾಲಿ ತೂರಿಸಬೇಡಿ. ಎರಡು ಗಾಲಿ ತಾಗಿದರೆ ಬೀಳುವವನು ಹಿಂದಿನವನು, ಅವನ ಮೇಲೆ ಉಳಿದವರು. ಸೀಟಿನಿಂದ ಎದ್ದು ತುಳಿಯುವಾಗ ಸೈಕಲ್ ಕ್ಷಣಕಾಲ ಹಿಂದಕ್ಕೆ ಬಂದಂತಾಗುತ್ತದೆ. ಏಳುವ ಮುನ್ನ ಪೆಡಲನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ಕೂಗಿ ಹೇಳಿ. ವೇಗ ತಗ್ಗಿಸಲು ಬ್ರೇಕಿಗಿಂತ ಮೊದಲು ತುಳಿಯುವುದನ್ನು ಬಿಡಿ, ಎದೆ ಎತ್ತಿ ಗಾಳಿಗೆ ಒಡ್ಡಿ. ಮುಂದೆ ಒಬ್ಬ ಬ್ರೇಕನ್ನು ಮುಟ್ಟಿದರೆ ಎಂಟನೆಯವನು ಹಿಡಿದು ನಿಲ್ಲಿಸಬೇಕಾಗುತ್ತದೆ.

ಇನ್ನು ಅಡ್ಡಗಾಳಿ. ನನ್ನ ಮಟ್ಟಿಗೆ ಮರುಭೂಮಿಯ ನಿಜವಾದ ಪಾಠ ಇದೇ. ಗಿಡಮರ, ಮನೆ, ದಿಬ್ಬಗಳ ತಡೆ ಇಲ್ಲದ್ದರಿಂದ ಗಾಳಿ ನೇರ ಪಕ್ಕೆಗೆ ಬಡಿಯುತ್ತದೆ, ಆಗ ಹಿಂದೆ ಕೂತರೆ ಮರೆ ಸಿಗುವುದಿಲ್ಲ. ಮರುಭೂಮಿಯ ನಾಡು ಕತಾರ್‌ನಲ್ಲಿ ನಡೆದ 2016ರ ದೋಹಾ ವಿಶ್ವ ಸೈಕಲ್ ಚಾಂಪಿಯನ್‌ಷಿಪ್‌ನಲ್ಲಿ ರಸ್ತೆ ಸಮತಟ್ಟಾಗಿತ್ತು, ಏರು ಎನ್ನುವುದೇ ಇರಲಿಲ್ಲ. ಆದರೂ ಅಡ್ಡಗಾಳಿ ದೊಡ್ಡ ಗುಂಪನ್ನು ಚೂರು ಮಾಡಿತು. ಮುಂದಿನ ತುಂಡಿನಲ್ಲಿ ಉಳಿದುಕೊಂಡ ಸ್ಲೊವಾಕಿಯಾದ ಸವಾರ ಪೀಟರ್ ಸಗಾನ್ ಗೆದ್ದರು.

ಬಲದಿಂದ ಗಾಳಿ ಬಂದರೆ ಮುಂದಿನವನು ತನ್ನ ಪಥದ ಬಲ ಅಂಚಿಗೆ ಇರಬೇಕು, ಉಳಿದವರು ಅವನ ಎಡ ಹಿಂಬದಿಗೆ ಓರೆಯಾಗಿ ನಿಲ್ಲಬೇಕು. ಪಾಳಿ ಮುಗಿದವನು ಗಾಳಿ ಬರುವ ಕಡೆಗೇ ಸರಿಯಬೇಕು. ಎಡದಿಂದ ಬಂದರೆ ಓರೆಸಾಲು ಎದುರು ವಾಹನಗಳ ಪಥಕ್ಕೆ ಚಾಚುತ್ತದೆ. ತೆರೆದ ರಸ್ತೆಯಲ್ಲಿ ಇದನ್ನು ಮಾಡಲೇಬೇಡಿ. ಒಂಟಿ ಸಾಲಿನಲ್ಲಿ ಅಂತರ ಹೆಚ್ಚಿಸಿಕೊಂಡು ವೇಗ ತಗ್ಗಿಸಿ. ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ರಸ್ತೆ ಪೂರ್ವ–ಪಶ್ಚಿಮ. ಮಳೆಗಾಲದ ಪಡುವಣ ಗಾಳಿ ಅಲ್ಲಿ ಎದುರಿಗೋ ಬೆನ್ನಿಗೋ ಸಿಗುತ್ತದೆ. ರೋಣದ ದಾರಿ ಉತ್ತರಕ್ಕಿದೆ. ಹೋಗುವಾಗ ಗಾಳಿ ಎಡಕ್ಕೆ, ಒಂಟಿ ಸಾಲು. ಬರುವಾಗ ಬಲಕ್ಕೆ, ವಾಹನ ಕಡಿಮೆಯಿದ್ದಲ್ಲಿ ನಾಲ್ಕು ಮಂದಿಯ ಓರೆಸಾಲು. ಮುಂದಿನ ಮಳೆಗಾಲಕ್ಕೆ ಕಾಯಲು ಸಮಯವಿಲ್ಲದಿದ್ದರೆ, ಗಾಳಿ ಬೀಸುವ ದಿನ ನೋಡಿ ಹೊರಡಿ.

ಪ್ರಶ್ನೆ: ಧಾರವಾಡದ ಚಳಿಗಾಲದಲ್ಲಿ 100 ಕಿ.ಮೀ.ಗೆ ಎರಡು ಬಾಟಲಿ ನೀರು ನನಗೆ ಸಾಕು. ಅಲ್ಲಿಯೂ ಚಳಿಯೇ ತಾನೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಾಲದು. ಒಣಗಾಳಿಯಲ್ಲಿ ಬೆವರು ಬಂದಷ್ಟೂ ಆರಿಹೋಗುವುದರಿಂದ ಬೆವರಿದ್ದೇ ತಿಳಿಯುವುದಿಲ್ಲ. ಜರ್ಸಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗ ತಡವಾಗಿರುತ್ತದೆ. ಗಂಟೆಗೆ 500ರಿಂದ 750 ಮಿ.ಲೀ. ಎಂದು ಲೆಕ್ಕ ಇಡಿ, ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. 750 ಮಿ.ಲೀ. ಬಾಟಲಿಗೆ ಕಾಲು ಚಹಾ ಚಮಚ ಉಪ್ಪು, 40 ಗ್ರಾಂ ಸಕ್ಕರೆ, ಅರ್ಧ ಲಿಂಬೆಹಣ್ಣು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ: ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ.

ನಿಮ್ಮ ಸ್ವಂತ ಲೆಕ್ಕ ಬೇಕೆಂದರೆ ಸವಾರಿಯ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಕಡಿಮೆ ಬಿದ್ದಿದೆ. 70 ಕಿಲೋ ತೂಕದವರು ಒಂದೂವರೆ ಕಿಲೋ ಇಳಿದರೆ ಮರುದಿನ ಕಾಲು ಏಳುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ ರಾತ್ರಿ ಊಟಕ್ಕೆ ಇರಲಿ. ಬೆಳಿಗ್ಗೆ ಅವಲಕ್ಕಿ, ದಾರಿಯಲ್ಲಿ ಗಂಟೆಗೆ ಎರಡು ಬಾಳೆಹಣ್ಣು. ಪೇಡೆಯಲ್ಲಿ ಸಕ್ಕರೆಯ ಜೊತೆ ಕೋವಾದ ಜಿಡ್ಡೂ ಇದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಪಂಕ್ಚರ್ ಮತ್ತು ಮರಳಿಗೆ ಏನು ತಯಾರಿ ಬೇಕು?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಅಲ್ಲಿಯ ಶತ್ರುಗಳು ನಿಮಗೆ ಹೊಸಬರಲ್ಲ: ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ. ವಿಶ್ರಾಂತಿಗೆ ನಿಂತಾಗ ಸೈಕಲನ್ನು ಡಾಂಬರಿನಿಂದ ಕೆಳಗಿಳಿಸಬೇಡಿ. ಇಳಿಸಲೇಬೇಕಾದರೆ ಹೆಗಲಿಗೇರಿಸಿ ಒಯ್ಯಿರಿ. ತಲೆಗೆ ಎರಡು ಟ್ಯೂಬ್ ಇರಲಿ. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದು ಎರಡನೆಯ ಟ್ಯೂಬನ್ನೂ ಚುಚ್ಚುವುದು ತುಂಬಾ ಸಾಮಾನ್ಯ. ಪ್ಯಾಚ್ ಹಚ್ಚುವವರು ಸೊಲ್ಯೂಷನ್ ಒಣಗುವ ತನಕ, ಸುಮಾರು ಐದು ನಿಮಿಷ ಕಾಯಬೇಕು. ಹಸಿ ಇರುವಾಗ ಅಂಟಿಸಿದ್ದು ಬಿಟ್ಟುಕೊಳ್ಳುತ್ತದೆ.

ಬೆಳಗಿನ ಚಳಿಯಲ್ಲಿ ಗಾಳಿಯನ್ನು ಟಯರಿನ ಮಿತಿಯವರೆಗೂ ತುಂಬಬೇಡಿ. 70 ಪಿಎಸ್‌ಐ ಹಾಕಿದ್ದರೆ ಟಯರಿನ ಬಿಸಿ 10 ಡಿಗ್ರಿ ಏರಿದಾಗಲೆಲ್ಲ 3 ಪಿಎಸ್‌ಐ ಹೆಚ್ಚುತ್ತದೆ.

ಚೈನಿಗೆ ಗಟ್ಟಿ ಎಣ್ಣೆ ಬೇಡ. ಮರಳು ಅದಕ್ಕೆ ಅಂಟಿ ಅರೆಯುವ ಮುಲಾಮಿನಂತೆ ಕೊಂಡಿಗಳನ್ನು ಸವೆಸುತ್ತದೆ. ಮೇಣದ ಲ್ಯೂಬ್ ಬಳಸಿ, ಪ್ರತಿ ಸಂಜೆ ಒಣಬಟ್ಟೆಯಿಂದ ಒರೆಸಿ, ರಾತ್ರಿಯೇ ಹಚ್ಚಿಡಿ. ರಸ್ತೆಗೆ ಅಡ್ಡಲಾಗಿ ಮರಳು ಬಿದ್ದಿದ್ದರೆ ಮುಂದಿನವನು ಕೂಗಿ ಹೇಳಬೇಕು. ಅದರ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಮುಂದಿನ ಬ್ರೇಕ್ ಮುಟ್ಟಬೇಡಿ. ಭಾರ ಹಿಂದಕ್ಕಿಟ್ಟು, ಕೈ ಸಡಿಲ ಬಿಟ್ಟು, ಹಗುರ ಗಿಯರಿನಲ್ಲಿ ನೇರ ತುಳಿಯಿರಿ. ಮರಳಿನ ಅಡಿ ಡಾಂಬರು ಕಾಣದಿದ್ದರೆ ಇಳಿದು ನಡೆಯಿರಿ.