ಮಲೆನಾಡಿನ ಮಣ್ಣಿನಲ್ಲಿ ಹಳೆಯ ಕಾಡನ್ನು ಹುಡುಕಲು ಪರಾಗ ನೋಡಬೇಕೇ, ಫೈಟೊಲಿತ್ ನೋಡಬೇಕೇ?

ಇದೇ ಪ್ರಶ್ನೆ ಹೊತ್ತು ನಾನೂ ಸೊರಬದ ಕಡೆ, ಒಂದು ಕಾನಿನ (ನಿತ್ಯಹಸಿರು ಕಾಡಿನ) ಅಂಚಿನ ಬ್ಯಾಣದಲ್ಲಿ, ಅಂದರೆ ಹುಲ್ಲುಬಯಲಿನಲ್ಲಿ, ಗುಂಡಿ ತೋಡಿಸಿದ್ದೆ. ಈಗ ಹುಲ್ಲಿರುವ ಆ ಜಾಗದಲ್ಲಿ ಹಿಂದೆ ಕಾನಿತ್ತೇ ಎಂಬುದು ನನಗೆ ತಿಳಿಯಬೇಕಿತ್ತು. 120 ಸೆಂಟಿಮೀಟರ್ ಆಳ, ಐದೈದು ಸೆಂಟಿಮೀಟರಿಗೆ ಒಂದರಂತೆ 24 ಮಾದರಿಗಳು. ಜಂಬಿಟ್ಟಿಗೆ ಮಣ್ಣಿನಲ್ಲಿ ಗಾಳಿಯಾಡಿ ಪರಾಗ ಕೊಳೆತುಹೋಗಿತ್ತು. ಉಳಿದದ್ದು ಫೈಟೊಲಿತ್: ಬೇರು ನೀರಿನೊಡನೆ ಹೀರಿದ ಸಿಲಿಕಾ ಜೀವಕೋಶಗಳಲ್ಲಿ ಗಟ್ಟಿಯಾಗಿ, ಎಲೆ ಕೊಳೆತ ಮೇಲೂ ಅದೇ ಆಕಾರದಲ್ಲಿ ಮಣ್ಣಿಗೆ ಸೇರುವ ಕಣ. ಆಮ್ಲದಲ್ಲಿ ತೊಳೆದು, 2.3 ಸಾಂದ್ರತೆಯ ದ್ರವದಲ್ಲಿ ತೇಲಿಸಿ, 400 ಪಟ್ಟು ಹಿಗ್ಗಿಸಿ ಎಣಿಸಿದೆ.

ತಪ್ಪಾದದ್ದು ಈ ಎಣಿಕೆಯಲ್ಲಿ. ಗರಿಕೆ, ರಾಗಿಯ ಬಳಗದ ಹುಲ್ಲುಗಳ ಕಣ ಕುದುರೆಯ ಜೀನಿನಂತೆ ಇರುತ್ತದೆ, ಕುಳ್ಳಗೆ. ಬಿದಿರಿನದೂ ಜೀನೇ, ಆದರೆ ಉದ್ದ ಹೆಚ್ಚು, ನಡುವೆ ಕುಸಿದಂತಿರುತ್ತದೆ. ಬಿದಿರು ಹುಲ್ಲಿನ ಕುಟುಂಬದ್ದೆಂದು ಶಾಲೆಯಲ್ಲೇ ಓದಿದ್ದೆ. ಆದರೂ ಎರಡನ್ನೂ 'ಜೀನು' ಎಂಬ ಒಂದೇ ಕಾಲಮಿನಲ್ಲಿ ಬರೆದುಕೊಂಡೆ. ಕಣಗಳು ಮಗುಚಿ ಬಿದ್ದಾಗ ಉದ್ದ ಗಿಡ್ಡ ತಿಳಿಯುವುದಿಲ್ಲ. ಗಾಜಿನ ಮೇಲೆ ಒತ್ತಿ ಉರುಳಿಸಿ ನೋಡಬೇಕು. ಅದನ್ನೂ ಮಾಡಲಿಲ್ಲ. 60 ಸೆಂಟಿಮೀಟರಿನ ಕೆಳಗೆ ಜೀನುಗಳೇ ತುಂಬಿದ್ದವು. 'ಇಲ್ಲಿ ಹಿಂದೆ ಒಣ ಹುಲ್ಲುಗಾವಲಿತ್ತು' ಎಂದು ಅಧ್ಯಾಯವನ್ನೇ ಬರೆದೆ.

ಅದೇ ಮಣ್ಣಿನ ಇಂಗಾಲದ ಐಸೊಟೋಪ್ ಅಳತೆ (ಭಾರದ ಇಂಗಾಲ ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂಬ ಲೆಕ್ಕ) ಬಂದಾಗ ಅಂಕಿ –25ರ ಆಸುಪಾಸಿನಲ್ಲಿತ್ತು. ಗರಿಕೆಯಂಥ ಹುಲ್ಲೇ ಆಳಿದ್ದರೆ ಅದು –12ರ ಹತ್ತಿರ ಇರಬೇಕು. ಬಿದಿರಾದರೋ ಮರಗಳ ಹಾಗೆ –27ರ ಸುತ್ತ ನಿಲ್ಲುವ ಹುಲ್ಲು. ಮತ್ತೆ ಹೋಗಿ ಬಿದಿರು, ಅದರ ಬಳಗದ್ದೇ ಆದ ವಾಟೆಯ ಎಲೆ ತಂದು 500 ಡಿಗ್ರಿಯಲ್ಲಿ ಸುಟ್ಟು ಬೂದಿ ನೋಡಿದೆ. ನಾನು 'ಹುಲ್ಲುಗಾವಲು' ಎಂದುಕೊಂಡಿದ್ದ ಜೀನುಗಳು ಆ ಬೂದಿಯಲ್ಲೇ ಇದ್ದವು. ಒಂದೂವರೆ ವರ್ಷದ ಎಣಿಕೆಯನ್ನು ಮೊದಲಿನಿಂದ ಮಾಡಿದೆ.

ಆದ್ದರಿಂದ ಪರಾಗವೋ ಫೈಟೊಲಿತ್ತೋ ಎಂಬ ನಿಮ್ಮ ಆಯ್ಕೆಯೇ ಅವಸರದ್ದು. ಜೌಗು ಸಿಕ್ಕರೆ ಪರಾಗವನ್ನೂ ನೋಡಿ, ಅಷ್ಟೇ. ಮೊದಲ ವರ್ಷ ಗುಂಡಿ ತೋಡಲೇಬೇಡಿ. ಸುತ್ತಲಿನ ಗಿಡಗಳ ಎಲೆ ಸುಟ್ಟು ನಿಮ್ಮದೇ ಸಂಗ್ರಹ ಮಾಡಿಕೊಳ್ಳಿ. ಬೇರೆ ದೇಶದ ಚಿತ್ರಪಟ ನೋಡಿ ಹೆಸರಿಡಬೇಡಿ. ಕಾನಿನೊಳಗಿನ, ಬಿದಿರುಮೆಳೆಯ, ಬ್ಯಾಣದ ಮೇಲ್ಮಣ್ಣನ್ನು ಬೇರೆ ಬೇರೆ ಎಣಿಸಿ. ಅನೇಕ ಮರಗಳು ಫೈಟೊಲಿತ್ ಬಿಡುವುದೇ ಅಪರೂಪ, ಹುಲ್ಲು ರಾಶಿ ಸುರಿಯುತ್ತದೆ. ಹಾಗಾಗಿ ದಟ್ಟ ಕಾಡಿನ ಮಣ್ಣಿನಲ್ಲೂ ಹುಲ್ಲಿನ ಪಾಲು ದೊಡ್ಡದಾಗಿ ಕಾಣಬಹುದು.

ನಿಮ್ಮ ಜಾಗದಲ್ಲಿ ಈಗ ಬಿದಿರಿಲ್ಲದಿರಬಹುದು. ಹೂಬಿಟ್ಟ ಮೆಳೆ ಸತ್ತು ಕೆಲವು ಮಳೆಗಾಲದಲ್ಲಿ ಗುರುತಿಲ್ಲದಂತಾಗುತ್ತದೆ. ಊರಿನ ಹಿರಿಯರನ್ನು ಕೇಳಿ, ಅಲ್ಲಿ ಯಾವಾಗಲಾದರೂ ಬಿದಿರಕ್ಕಿ ಆರಿಸಿದ್ದರೇ ಎಂದು.