ಮ್ಯೂಸಿಕ್ ವಿಡಿಯೊ ಕಾನ್ಸೆಪ್ಟ್ ಕೇಳಿದವರೆಲ್ಲ 'ಸೂಪರ್' ಅಂತಾರೆ, ನಿಜವಾದ ಅಭಿಪ್ರಾಯ ಪಡೆಯೋದು ಹೇಗೆ?

ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು: ಕೋರ್ಸಿನ ಪ್ರಾಜೆಕ್ಟ್, 3 ನಿಮಿಷ 20 ಸೆಕೆಂಡಿನ ಹಾಡು, ವೇಗ 96 ಬಿಪಿಎಂ (ನಿಮಿಷಕ್ಕೆ 96 ಬೀಟ್, ಅಂದರೆ ತಾಳದ ಬಡಿತ). ಹುಡುಗನೊಬ್ಬ ಗೋಡೆ ಗಡಿಯಾರ ಹಿಡಿದು ಹಾಡುತ್ತ ಬೀದಿಯಲ್ಲಿ ಬರುತ್ತಾನೆ, ಸುತ್ತಲಿನವರೆಲ್ಲ ಹಿಮ್ಮುಖವಾಗಿ ನಡೆಯುತ್ತಿರುತ್ತಾರೆ, ಕೊನೆಗೆ ಅವನಿಗೆ ಎಚ್ಚರವಾಗುತ್ತದೆ.

ಇದನ್ನು ಬಾಯಲ್ಲಿ ಹೇಳಿ ಅಭಿಪ್ರಾಯ ಕೇಳಬೇಡಿ. ಹೇಳಿದ ತಕ್ಷಣ ಕೇಳುವವರು ತಮ್ಮ ತಲೆಯಲ್ಲೇ ಒಂದು ವಿಡಿಯೊ ಮಾಡಿಕೊಳ್ಳುತ್ತಾರೆ. 'ಸೂಪರ್' ಅನ್ನುವುದು ಅದಕ್ಕೆ, ನಿಮ್ಮದಕ್ಕಲ್ಲ.

ಬದಲಿಗೆ ಅನಿಮ್ಯಾಟಿಕ್ ಮಾಡಿ, ಅಂದರೆ ಸ್ಥಿರ ಚಿತ್ರಗಳನ್ನು ಹಾಡಿನ ಮೇಲೆ ಜೋಡಿಸಿದ ಕಚ್ಚಾ ವಿಡಿಯೊ. 96 ಬಿಪಿಎಂ ಅಂದರೆ ಒಂದು ಬೀಟ್‌ಗೆ 0.625 ಸೆಕೆಂಡು, ನಾಲ್ಕು ಬೀಟ್‌ನ ಲೆಕ್ಕದಲ್ಲಿ ಒಂದು ಬಾರ್‌ಗೆ 2.5 ಸೆಕೆಂಡು. ನಿಮ್ಮ 200 ಸೆಕೆಂಡಿನ ಹಾಡಿನಲ್ಲಿ ಸರಿಯಾಗಿ 80 ಬಾರ್ ಇವೆ. ಎಂಟೆಂಟು ಬಾರ್‌ಗೆ ಗೆರೆ ಎಳೆದರೆ 20 ಸೆಕೆಂಡಿನ ಹತ್ತು ತುಂಡು. ಒಂದೊಂದು ತುಂಡಿಗೆ ಕನಿಷ್ಠ ಎರಡು ಚಿತ್ರ ಬೇಕು: ಸ್ನೇಹಿತರನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದ ಫೋಟೊ ಸಾಕು, ಕಡ್ಡಿ ಗೊಂಬೆಯ ಚಿತ್ರವಾದರೂ ನಡೆಯುತ್ತದೆ. ಅವನ್ನು ಹಾಡಿನ ಮೇಲೆ ಟೈಮ್‌ಲೈನಿನಲ್ಲಿ ಜೋಡಿಸಿ. ಯಾವ ತುಂಡಿಗೆ ಚಿತ್ರ ಹೊಳೆಯುವುದಿಲ್ಲವೋ ಅಲ್ಲಿ ಕಾನ್ಸೆಪ್ಟ್ ಇಲ್ಲ ಅಂತಲೇ ಅರ್ಥ. ಸಾಮಾನ್ಯವಾಗಿ ಇದು ಎರಡನೇ ಪಲ್ಲವಿಯಲ್ಲಿ ಗೊತ್ತಾಗುತ್ತದೆ: ಹಾಡು ಮರುಕಳಿಸುತ್ತದೆ, ಚಿತ್ರವೂ ಅದೇ ಮರುಕಳಿಸಿದರೆ ನೋಡುವವರ ಗಮನ ಜಾರುತ್ತದೆ.

ತೋರಿಸುವುದು ಐದಾರು ಜನರಿಗೆ, ಒಬ್ಬೊಬ್ಬರಿಗೇ. ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವರ ಅಭಿಪ್ರಾಯವೇ ಎಲ್ಲರದ್ದೂ ಆಗಿಬಿಡುತ್ತದೆ. ಕಥೆ ಮೊದಲೇ ಗೊತ್ತಿರುವವರು ಬೇಡ. ವಿವರಣೆ ಕೊಡಬೇಡಿ, 'ಇಲ್ಲಿ ಎಫೆಕ್ಟ್ ಬರುತ್ತೆ' ಅನ್ನುವುದನ್ನೂ ನುಂಗಿಕೊಳ್ಳಿ. ಅವರು ನೋಡುವಾಗ ನೀವು ಸ್ಕ್ರೀನ್ ಬಿಟ್ಟು ಅವರ ಮುಖ ನೋಡಿ, ಕಣ್ಣು ಆಚೆ ಹೋದ ಸಮಯ ಬರೆದುಕೊಳ್ಳಿ. ಆಮೇಲೆ 'ಹೇಗಿತ್ತು?' ಅನ್ನಬೇಡಿ, 'ಏನು ನಡೆಯಿತು, ನೀವೇ ಹೇಳಿ' ಅನ್ನಿ. ಮಾರನೇ ದಿನ ಇನ್ನೊಂದೇ ಪ್ರಶ್ನೆ: ಯಾವ ಚಿತ್ರ ನೆನಪಿದೆ? ಮೂವರು ಒಂದೇ ಜಾಗದಲ್ಲಿ ಎಡವಿದರೆ ದೋಷ ಅಲ್ಲಿದೆ. ಅವರು ಸೂಚಿಸುವ ಪರಿಹಾರವನ್ನು ಮಾತ್ರ ಹಾಗೇ ಒಪ್ಪಿಕೊಳ್ಳಬೇಕಿಲ್ಲ.

ಕ್ಯಾಮೆರಾ ಹಿಡಿಯುವವರಿಗೆ ಮತ್ತು ಎಡಿಟರ್‌ಗೆ ಬೇರೆಯಾಗಿ ತೋರಿಸಿ. ಅವರಿಗಿರುವ ಪ್ರಶ್ನೆ 'ಇದು ಆಗುತ್ತದಾ?' ಅನ್ನುವುದು. ನಿಮ್ಮ ಕಾನ್ಸೆಪ್ಟಿನ ಕುತ್ತಿಗೆ ಹಿಡಿಯುವುದೇ ಅಲ್ಲಿ. ಹುಡುಗ ಮುಂದಕ್ಕೆ, ಉಳಿದವರು ಹಿಂದಕ್ಕೆ ಕಾಣಬೇಕಾದರೆ ಶೂಟಿಂಗ್‌ನಲ್ಲಿ ಜನ ಮಾಮೂಲಿನಂತೆ ನಡೆಯಬೇಕು, ಹುಡುಗ ಒಬ್ಬನೇ ಹಿಂದಕ್ಕೆ ನಡೆಯಬೇಕು. ಆಮೇಲೆ ಕ್ಲಿಪ್ಪನ್ನು ರಿವರ್ಸ್ ಮಾಡಬೇಕು. ಆದರೆ ಅವನು ಹಾಡುತ್ತಿದ್ದಾನಲ್ಲ! ತುಟಿ ಹೊಂದಬೇಕಾದರೆ ಹಾಡನ್ನೂ ರಿವರ್ಸ್ ಮಾಡಿ ಪ್ಲೇಬ್ಯಾಕ್ ಹಾಕಿ ಅದಕ್ಕೆ ತುಟಿ ಆಡಿಸಬೇಕು. ಅಕ್ಷರ ತಿರುಗಿಸಿದರೆ ಸಾಲದು, ಧ್ವನಿ ತಿರುಗಬೇಕು: 'ಮಳೆ' ತಿರುಗಿದರೆ 'ಳೆಮ' ಅಲ್ಲ, 'ಎಳಮ್'. ಪ, ಬ, ಮ ಬಂದಲ್ಲಿ ತುಟಿ ಮುಚ್ಚುವುದು ಸರಿಹೋದರೆ ಉಳಿದ ಸಣ್ಣಪುಟ್ಟ ತಪ್ಪು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಇಡೀ ಹಾಡು ಕಲಿಸಲು ಹೋಗಬೇಡಿ. ಒಂದು 20 ಸೆಕೆಂಡಿನ ತುಂಡನ್ನು ಕಲಿಸಿ, ಮೊಬೈಲಿನಲ್ಲಿ ಶೂಟ್ ಮಾಡಿ, ಅನಿಮ್ಯಾಟಿಕ್‌ನಲ್ಲಿ ಸೇರಿಸಿ ತೋರಿಸಿ. ಹಿಂದಕ್ಕೆ ನಡೆಯುವಾಗ ಹೆಜ್ಜೆಯ ಭಾರ ವಿಚಿತ್ರವಾಗಿ ಬೀಳುತ್ತದೆ, ಅದಕ್ಕೆ ಫ್ರೇಮ್ ಸೊಂಟದಿಂದ ಮೇಲಿರಲಿ. ಹಿನ್ನೆಲೆಯಲ್ಲಿ ಯಾರಾದರೂ ನೀರು ಚೆಲ್ಲುತ್ತಿರಲಿ: ನೀರು ಬಕೆಟ್ಟಿಗೆ ವಾಪಸ್ ಹಾರಿದರೆ ಸಮಯ ಹಿಂದಕ್ಕೆ ಓಡುತ್ತಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಬರೀ ನಡಿಗೆಯಲ್ಲಿ ಅದು ಎಷ್ಟೋ ಜನಕ್ಕೆ ತಕ್ಷಣ ಹೊಳೆಯುವುದಿಲ್ಲ.

ಇನ್ನು ನನ್ನ ಅಭಿಪ್ರಾಯ. ಎಚ್ಚರವಾಗುವ ಕೊನೆ ಬೇಡ; ಅಲ್ಲಿಯವರೆಗೆ ನೋಡಿದ್ದೆಲ್ಲ ಸುಳ್ಳು ಅಂದುಬಿಟ್ಟಂತಾಗುತ್ತದೆ. ಗಡಿಯಾರಕ್ಕೂ ಇನ್ನೂ ಕೆಲಸವೇ ಇಲ್ಲ, ಸುಮ್ಮನೆ ಕೈಯಲ್ಲಿದೆ. ಕೊನೆಯ ಪಲ್ಲವಿಯಲ್ಲಿ ಅವನು ಅದನ್ನು ಯಾರದೋ ಕೈಗೆ ಕೊಡಲಿ, ಆ ಒಬ್ಬರು ಮಾತ್ರ ಮುಂದಕ್ಕೆ ನಡೆಯಲು ಶುರುಮಾಡಲಿ. ಎರಡೂ ಕೊನೆಗಳಿಗೆ ಫೋಟೊ ತೆಗೆದು, ಒಂದನ್ನು ಮೂವರಿಗೆ, ಇನ್ನೊಂದನ್ನು ಬೇರೆ ಮೂವರಿಗೆ ತೋರಿಸಿ ನೋಡಿ.